ಕಬ್ಬಿಣ ಹೆಚ್ಚಾದರೂ ಕಷ್ಟವೇ!

"ಯಾಕೋ ತುಂಬಾ ಸುಸ್ತು ಡಾಕ್ಟ್ರೇ, ಕೈಕಾಲಲ್ಲಿ ಶಕ್ತಿಯೇ ಇಲ್ಲ. ಒಂದು ಒಳ್ಳೇ ಟಾನಿಕ್ ಬರೆದುಕೊಡಿ." ನನ್ನಂಥ ಸಾಮಾನ್ಯ ವೈದ್ಯರ ಕಿವಿಗೆ ದಿನವೂ ಬೀಳುವ ಮಾತಿದು. ನಾವು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡುತ್ತೇವೆ, ಸ್ವಲ್ಪ ಬಿಳಿಚಿಕೊಂಡಂತೆ ಕಂಡರೆ ಕಬ್ಬಿಣದ ಮಾತ್ರೆ ಬರೆಯುತ್ತೇವೆ. ಎಷ್ಟೋ ಮಂದಿ ವೈದ್ಯರ ಬಳಿಗೂ ಬರುವುದಿಲ್ಲ. ಔಷಧದ ಅಂಗಡಿಯಲ್ಲೇ ಕೇಳಿ ತೆಗೆದುಕೊಂಡು ವರ್ಷಗಟ್ಟಲೆ ನುಂಗುತ್ತಾರೆ.

ಇದಕ್ಕೆ ಕಾರಣವಿಲ್ಲದಿಲ್ಲ. ನಮ್ಮದು ರಕ್ತಹೀನತೆಯ ದೇಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಸರ್ಕಾರ ಶಾಲಾ ಮಕ್ಕಳಿಗೆ, ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಹಂಚುತ್ತಿರುವುದು ಸರಿಯಾಗಿಯೇ ಇದೆ. ಅದರ ವಿರುದ್ಧ ನನ್ನ ತಕರಾರೇನೂ ಇಲ್ಲ.

ಆದರೆ ಈ ಅಭ್ಯಾಸದಿಂದಾಗಿ ವೈದ್ಯರ ಮತ್ತು ರೋಗಿಗಳ ಮನಸ್ಸಿನಲ್ಲಿ ಒಂದು ನಂಬಿಕೆ ಬೇರೂರಿಬಿಟ್ಟಿದೆ: ಕಬ್ಬಿಣ ಎಂದರೆ ಕಡಿಮೆಯೇ ಇರುವ ವಸ್ತು, ಅದು ಹೆಚ್ಚಾಗುವ ಪ್ರಶ್ನೆಯೇ ಇಲ್ಲ. ಈ ನಂಬಿಕೆ ತಪ್ಪು. ದೇಹದಲ್ಲಿ ಕಬ್ಬಿಣ ಅಳತೆ ಮೀರಿ ಸೇರಿ ಲಿವರ್, ಹೃದಯ, ಕೀಲುಗಳನ್ನು ಹಾಳುಮಾಡುವ ರೋಗಗಳಿವೆ. ಅವುಗಳಲ್ಲಿ ಮುಖ್ಯವಾದವು ಹುಟ್ಟಿನಿಂದಲೇ, ತಂದೆತಾಯಿಗಳಿಂದ ಬರುತ್ತವೆ. ಆಸ್ಪತ್ರೆಯ ವಾರ್ಡುಗಳಲ್ಲಿ ಇಂಥ ರೋಗಿಗಳು ಸಿರೋಸಿಸ್, ಸಕ್ಕರೆ ಕಾಯಿಲೆ, ಸಂಧಿವಾತ ಎಂಬ ಬೇರೆ ಬೇರೆ ಹೆಸರುಗಳಲ್ಲಿ ಮಲಗಿರುತ್ತಾರೆ. ಮೂಲ ಕಾರಣವನ್ನು ಹುಡುಕುವ ರಕ್ತಪರೀಕ್ಷೆ ಕಷ್ಟದ್ದಲ್ಲ, ಭಾರೀ ದುಬಾರಿಯೂ ಅಲ್ಲ. ಅದನ್ನು ಕೇಳುವವರು ಕಡಿಮೆ, ಅಷ್ಟೆ.

ಒಳಬಾಗಿಲುಂಟು, ಹೊರಬಾಗಿಲಿಲ್ಲ

ವಯಸ್ಕರ ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣವಿರುತ್ತದೆ. ಇದರ ಬಹುಪಾಲು ರಕ್ತದ ಕೆಂಪು ಕಣಗಳಲ್ಲಿದ್ದರೆ, ಉಳಿದದ್ದರಲ್ಲಿ ಹೆಚ್ಚಿನದು ಲಿವರ್ ಮೊದಲಾದ ಕಡೆ ದಾಸ್ತಾನಾಗಿರುತ್ತದೆ. ನಾವು ತಿಂದ ಆಹಾರದಿಂದ ಕರುಳು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ ಹೀರಿಕೊಳ್ಳುತ್ತದೆ. ಉದುರುವ ಚರ್ಮ, ಕರುಳಿನ ಒಳಪದರದ ಕೋಶಗಳ ಮೂಲಕ ಅಷ್ಟೇ ಹೊರಗೆ ಹೋಗುತ್ತದೆ. ಮಹಿಳೆಯರಿಗೆ ಮುಟ್ಟಿನಲ್ಲಿ ಇನ್ನಷ್ಟು ಕಳೆಯುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಉಪ್ಪು ಹೆಚ್ಚಾದರೆ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಕಬ್ಬಿಣ ಹೆಚ್ಚಾದರೆ ಹೊರಹಾಕುವ ವ್ಯವಸ್ಥೆ ದೇಹದಲ್ಲಿಲ್ಲ. ಆದ್ದರಿಂದ ಒಳಗೆ ಬಿಟ್ಟುಕೊಳ್ಳುವಾಗಲೇ ಲೆಕ್ಕ ಹಾಕಬೇಕು. ಈ ಕಾವಲು ಕಾಯುವುದು ಲಿವರ್ ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು. ದಾಸ್ತಾನು ತುಂಬಿದಾಗ ಹೆಪ್ಸಿಡಿನ್ ಹೆಚ್ಚಾಗಿ ಕರುಳಿನ ಬಾಗಿಲು ಮುಚ್ಚುತ್ತದೆ. ಕಡಿಮೆಯಾದಾಗ ಬಾಗಿಲು ತೆರೆಯುತ್ತದೆ.

ಕೆಲವರಲ್ಲಿ ಹುಟ್ಟಿನಿಂದಲೇ ಈ ಕಾವಲುಗಾರ ದುರ್ಬಲ. ದೇಹಕ್ಕೆ ಸಾಕಾದಷ್ಟು ಕಬ್ಬಿಣವಿದ್ದರೂ ಬಾಗಿಲು ತೆರೆದೇ ಇರುತ್ತದೆ. ದಿನಕ್ಕೆ ಕೆಲವೇ ಮಿಲಿಗ್ರಾಂ ಹೆಚ್ಚುವರಿ ಸೇರಿದರೂ ನಲವತ್ತು ಐವತ್ತು ವರ್ಷದ ಹೊತ್ತಿಗೆ ಅದು 20 ಗ್ರಾಂ ದಾಟಬಹುದು. ಈ ರೋಗದ ಹೆಸರು ಹೀಮೋಕ್ರೊಮಟೋಸಿಸ್. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

1865ರಲ್ಲಿ ಫ್ರಾನ್ಸಿನ ಟ್ರೂಸೋ ಎಂಬ ವೈದ್ಯ ಸಕ್ಕರೆ ಕಾಯಿಲೆ, ಲಿವರ್ ಗಟ್ಟಿಯಾಗುವುದು ಮತ್ತು ಕಂಚಿನ ಬಣ್ಣದ ಚರ್ಮ ಒಟ್ಟಿಗೇ ಇದ್ದ ರೋಗಿಯನ್ನು ವರ್ಣಿಸಿದ. 1889ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ ಇದಕ್ಕೆ ಈಗಿನ ಹೆಸರಿಟ್ಟ. ಇದು ವಂಶದಲ್ಲಿ ಬರುವ ರೋಗವೆಂದು 1935ರಲ್ಲಿ ಇಂಗ್ಲೆಂಡಿನ ಶೆಲ್ಡನ್ ವಾದಿಸಿದ. 1996ರಲ್ಲಿ ಎಚ್‌ಎಫ್‌ಇ ಎಂಬ ಜೀನ್ ಪತ್ತೆಯಾಗಿ ಆ ಮಾತು ಸಾಬೀತಾಯಿತು.

ಒಬ್ಬ ರೋಗಿ, ನಾಲ್ಕು ವಿಭಾಗ

ಈ ರೋಗ ಆಸ್ಪತ್ರೆಯಲ್ಲಿ ಹೇಗೆ ಕಣ್ಣು ತಪ್ಪಿಸುತ್ತದೆ ಎಂಬುದಕ್ಕೆ ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ವಯಸ್ಸು ನಲವತ್ತೈದು. ಮೊದಲು ಸುಸ್ತು, ಆಮೇಲೆ ಕೈಬೆರಳುಗಳ ಗೆಣ್ಣು ನೋವು. ಮೂಳೆ ವೈದ್ಯರು ಸಂಧಿವಾತವೆಂದು ನೋವಿನ ಮಾತ್ರೆ ಕೊಡುತ್ತಾರೆ. ಎರಡು ವರ್ಷದ ನಂತರ ಸಕ್ಕರೆ ಕಾಯಿಲೆ ಕಾಣಿಸುತ್ತದೆ. ದೇಹ ತೆಳ್ಳಗಿದೆ, ಮನೆಯಲ್ಲಿ ಯಾರಿಗೂ ಸಕ್ಕರೆಯಿಲ್ಲ. ಆದರೂ ಇದು ಈಗ ಎಲ್ಲರಿಗೂ ಬರುವ ಕಾಯಿಲೆಯೆಂದು ಮಾತ್ರೆ ಶುರುವಾಗುತ್ತದೆ. ಲೈಂಗಿಕ ಆಸಕ್ತಿ ಕುಗ್ಗಿದ್ದನ್ನು ಆತ ಸಂಕೋಚದಿಂದ ಯಾರಿಗೂ ಹೇಳುವುದಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಲಿವರ್ ದೊಡ್ಡದಾಗಿರುವುದು ಕಂಡಾಗ "ಕುಡಿಯುತ್ತೀರಾ?" ಎಂಬ ಪ್ರಶ್ನೆ ಬರುತ್ತದೆ. ಕುಡಿಯದವನಾದರೆ ಮನೆಯವರ ಮುಂದೆ ಅವಮಾನ ಬೇರೆ. ಕೊನೆಗೆ ಎದೆಬಡಿತ ಏರುಪೇರಾಗಿ ಹೃದ್ರೋಗ ವಿಭಾಗಕ್ಕೆ ಸೇರುತ್ತಾನೆ. ಈ ನಡುವೆ ಸುಸ್ತಿಗೆಂದು ಕಬ್ಬಿಣದ ಟಾನಿಕ್ಕನ್ನೂ ಯಾರೋ ಕೊಟ್ಟಿರುತ್ತಾರೆ!

ಪ್ರತಿಯೊಬ್ಬ ತಜ್ಞರೂ ತಮ್ಮ ಪಾಲಿನ ಅಂಗವನ್ನು ಸರಿಯಾಗಿಯೇ ನೋಡಿದ್ದಾರೆ. ಆದರೆ ಕೀಲು, ಮೇದೋಜೀರಕ ಗ್ರಂಥಿ, ಲಿವರ್, ಹೃದಯ ನಾಲ್ಕರಲ್ಲೂ ಕುಳಿತಿರುವುದು ಒಂದೇ ಕಬ್ಬಿಣ. ಇವನ್ನು ಕೂಡಿಸಿ ನೋಡುವ ಕೆಲಸ ಯಾರದು? ರೋಗಿಯ ಇಡೀ ಫೈಲು ತಿರುವಿ ಹಾಕುವ, ಮನೆಯವರನ್ನೆಲ್ಲ ಬಲ್ಲ ನನ್ನಂಥ ಎಂಬಿಬಿಎಸ್ ವೈದ್ಯರದ್ದು ಎಂದೇ ನನ್ನ ಅಭಿಪ್ರಾಯ.

ಅನುಮಾನ ಪಡಬೇಕಾದ ಸುಳಿವುಗಳನ್ನು ಓದುಗರೂ ತಿಳಿದಿರಲಿ. ಕಾರಣ ತಿಳಿಯದ ಲಿವರ್ ತೊಂದರೆ. ತೋರುಬೆರಳು ಮತ್ತು ಮಧ್ಯದ ಬೆರಳಿನ ಬುಡದ ಗೆಣ್ಣುಗಳಲ್ಲಿ ನೋವು. ಲಿವರ್ ದೋಷದ ಜೊತೆಗೇ ಬಂದ ಸಕ್ಕರೆ ಕಾಯಿಲೆ. ಬಿಸಿಲಿಗೆ ಹೋಗದಿದ್ದರೂ ಕಪ್ಪಾಗುತ್ತಿರುವ ಚರ್ಮ. ಚಿಕ್ಕ ವಯಸ್ಸಿನಲ್ಲೇ ಹೃದಯದ ಸ್ನಾಯು ದುರ್ಬಲವಾಗುವುದು. ಲೈಂಗಿಕ ದೌರ್ಬಲ್ಯ ಅಥವಾ ಮುಟ್ಟು ಬೇಗ ನಿಲ್ಲುವುದು. ನಮ್ಮ ಮೈಬಣ್ಣದಲ್ಲಿ ಕಂಚಿನ ಛಾಯೆ ಸುಲಭವಾಗಿ ಕಾಣದು. ಹಳೆಯ ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾದೀತು. ಮಹಿಳೆಯರಲ್ಲಿ ಮುಟ್ಟು, ಹೆರಿಗೆಗಳಲ್ಲಿ ಕಬ್ಬಿಣ ಕಳೆಯುವುದರಿಂದ ರೋಗ ಸಾಮಾನ್ಯವಾಗಿ ತಡವಾಗಿ, ಮುಟ್ಟು ನಿಂತ ಮೇಲೆ ಕಾಣಿಸಿಕೊಳ್ಳುತ್ತದೆ.

ಇದು ಬಿಳಿಯರ ಕಾಯಿಲೆಯಲ್ಲವೇ?

ಈ ಪ್ರಶ್ನೆಯನ್ನು ವೈದ್ಯಮಿತ್ರರೇ ಕೇಳುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಎಚ್‌ಎಫ್‌ಇ ಜೀನಿನ ಸಿ282ವೈ ಎಂಬ ದೋಷ ಉತ್ತರ ಯೂರೋಪಿನ ಮೂಲದವರಲ್ಲಿ ಬಹಳ. ಅದರಲ್ಲೂ ಐರ್ಲೆಂಡಿನಲ್ಲಿ ಅತಿ ಹೆಚ್ಚು. ತಂದೆ, ತಾಯಿ ಇಬ್ಬರಿಂದಲೂ ಈ ದೋಷ ಬಂದವರಿಗೆ ರೋಗದ ಸಂಭವವಿರುತ್ತದೆ. ನಮ್ಮ ದೇಶದಲ್ಲಿ ಸಿ282ವೈ ತೀರಾ ಅಪರೂಪ. ಅದೇ ಜೀನಿನ ಎಚ್63ಡಿ ಎಂಬ ಬದಲಾವಣೆ ಇಲ್ಲಿ ಕಂಡುಬಂದರೂ ಅದೊಂದೇ ಸಾಮಾನ್ಯವಾಗಿ ರೋಗ ತರುವುದಿಲ್ಲ.

ಹಾಗೆಂದು ಕೈತೊಳೆದುಕೊಳ್ಳುವಂತಿಲ್ಲ. ಹೆಪ್ಸಿಡಿನ್ ಕೆಡಿಸುವ ಬೇರೆ ಜೀನ್ ದೋಷಗಳು ಯಾವ ಜನಾಂಗದಲ್ಲೂ ಬರಬಹುದು. ಅವುಗಳಲ್ಲಿ ಒಂದು ಬಗೆ ಮೂವತ್ತು ವಯಸ್ಸಿನೊಳಗೇ ಹೃದಯವನ್ನು ಸೋಲಿಸುತ್ತದೆ. ಇಂಥ ಬಹುತೇಕ ದೋಷಗಳು ಕಾಣಿಸಿಕೊಳ್ಳುವುದು ತಂದೆ, ತಾಯಿ ಇಬ್ಬರಿಂದಲೂ ಬಂದಾಗ. ಸೋದರಮಾವನಿಗೋ ಅತ್ತೆಯ ಮಗನಿಗೋ ಮಗಳನ್ನು ಕೊಡುವ ಪದ್ಧತಿ ಇನ್ನೂ ಉಳಿದಿರುವ ನಮ್ಮ ನಾಡಿನಲ್ಲಿ ಅಪರೂಪದ ದೋಷಗಳೂ ಒಂದೇ ಮಗುವಿನಲ್ಲಿ ಜೋಡಿಯಾಗುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಪಾಶ್ಚಾತ್ಯರಿಗೆಂದು ರೂಪಿಸಿದ ಸಿ282ವೈ ಪರೀಕ್ಷೆ ನೆಗೆಟಿವ್ ಬಂದಿತೆಂದು ಫೈಲು ಮುಚ್ಚಿಬಿಡುವುದು ನಮ್ಮಲ್ಲಿ ಸಲ್ಲದು.

ಇನ್ನೂ ದೊಡ್ಡ ಸಂಗತಿ ಥಲಸ್ಸೇಮಿಯಾ. ಇದು ಹಿಮೋಗ್ಲೋಬಿನ್ ತಯಾರಿಕೆಯಲ್ಲಿನ ವಂಶಪಾರಂಪರ್ಯ ದೋಷ. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಇದರ ವಾಹಕರು. ಸಿಂಧಿ, ಪಂಜಾಬಿ, ಕಚ್ಛಿ ಸಮುದಾಯಗಳಲ್ಲಿ ಹೆಚ್ಚೆಂಬುದು ನಿಜ. ಆದರೆ ಯಾವ ಜಾತಿಗೂ ರಿಯಾಯಿತಿಯಿಲ್ಲ. ಥಲಸ್ಸೇಮಿಯಾ ಮೇಜರ್ ಇರುವ ಮಗುವಿಗೆ ಎರಡು ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಲೇಬೇಕು. ಒಂದು ಬಾಟಲಿ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಹೊರಬಾಗಿಲಿಲ್ಲದ ಮನೆಗೆ ತಿಂಗಳು ತಿಂಗಳು ಇಷ್ಟು ತಂದು ಸುರಿದರೆ ಗತಿಯೇನು? ಜೀವ ಉಳಿಸುವ ರಕ್ತವೇ ಕ್ರಮೇಣ ಹೃದಯಕ್ಕೆ ಭಾರವಾಗುತ್ತದೆ. ಮಧ್ಯಮ ತೀವ್ರತೆಯ ಥಲಸ್ಸೇಮಿಯಾದಲ್ಲಿ ರಕ್ತ ಹೆಚ್ಚು ಕೊಡದಿದ್ದರೂ ಹೆಪ್ಸಿಡಿನ್ ಕುಗ್ಗಿರುವುದರಿಂದ ಕರುಳೇ ಅತಿಯಾಗಿ ಕಬ್ಬಿಣ ಹೀರುತ್ತದೆ. ಇಂಥವರು ಬಿಳಿಚಿಕೊಂಡೇ ಇರುತ್ತಾರೆ. ಅವರನ್ನು ಕಂಡ ಕೂಡಲೇ ಕಬ್ಬಿಣದ ಮಾತ್ರೆ ಬರೆದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಇನ್ನು ಥಲಸ್ಸೇಮಿಯಾ ಮೈನರ್, ಅಂದರೆ ಬರಿಯ ವಾಹಕರು. ಇವರು ಆರೋಗ್ಯವಂತರೇ. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ಕೆಂಪು ಕಣಗಳು ಚಿಕ್ಕವು. ವರದಿ ನೋಡಿದರೆ ಕಬ್ಬಿಣದ ಕೊರತೆಯಂತೆಯೇ ಕಾಣುತ್ತದೆ. ಹೀಗಾಗಿ ವರ್ಷಾನುಗಟ್ಟಲೆ ಟಾನಿಕ್ ಕುಡಿದು "ಎಷ್ಟು ಕುಡಿದರೂ ನನಗೆ ರಕ್ತವೇ ಏರುವುದಿಲ್ಲ" ಎನ್ನುವವರಿದ್ದಾರೆ. ಕಬ್ಬಿಣ ಕಡಿಮೆಯಿಲ್ಲದವರಿಗೆ ಅದನ್ನು ಕೊಟ್ಟರೆ ಹಿಮೋಗ್ಲೋಬಿನ್ ಏರುವುದಾದರೂ ಹೇಗೆ?

ಎರಡು ಅಂಕಿಗಳನ್ನು ಒಟ್ಟಿಗೆ ನೋಡಿ

ಪರೀಕ್ಷೆ ಹೇಗೆ? ಮೊದಲು ಎರಡು ಅಂಕಿಗಳು ಬೇಕು. ಒಂದು ಫೆರಿಟಿನ್. ಇದು ದಾಸ್ತಾನಿನ ಅಂದಾಜು. ಎರಡನೆಯದು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್. ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ಸಾಗಿಸುವ ಟ್ರಾನ್ಸ್‌ಫೆರಿನ್ ಎಂಬ ಗಾಡಿಯಲ್ಲಿ ಎಷ್ಟು ಜಾಗ ಭರ್ತಿಯಾಗಿದೆ ಎಂಬುದನ್ನು ಇದು ಹೇಳುತ್ತದೆ. ರಕ್ತದ ಕಬ್ಬಿಣ 180, ಒಟ್ಟು ಹೊರುವ ಸಾಮರ್ಥ್ಯ 240 ಇದ್ದರೆ ಭರ್ತಿ ಶೇ. 75. ಸಾಮಾನ್ಯವಾಗಿ ಇದು ಶೇ. 20ರಿಂದ 45ರ ಒಳಗಿರುತ್ತದೆ. ಮಹಿಳೆಯರಲ್ಲಿ ಶೇ. 45, ಪುರುಷರಲ್ಲಿ ಶೇ. 50 ದಾಟಿ ಅಲ್ಲೇ ನಿಂತಿದ್ದು, ಫೆರಿಟಿನ್ ಕೂಡ ಮಹಿಳೆಯರಲ್ಲಿ 200, ಪುರುಷರಲ್ಲಿ 300 ಮೀರಿದ್ದರೆ ಮುಂದಿನ ತಪಾಸಣೆ ಬೇಕು. ಫೆರಿಟಿನ್ 1000 ದಾಟಿದ್ದರೆ ಲಿವರ್ ಗಟ್ಟಿಯಾಗಿದೆಯೇ ಎಂದು ನೋಡಲೇಬೇಕು.

ಇಲ್ಲೊಂದು ಎಚ್ಚರಿಕೆ. ಫೆರಿಟಿನ್ ಒಂದನ್ನೇ ನೋಡಿ ಗಾಬರಿಯಾಗಬೇಡಿ. ಜ್ವರ, ಸೋಂಕು, ಉರಿಯೂತ ಯಾವುದಿದ್ದರೂ ಫೆರಿಟಿನ್ ಏರುತ್ತದೆ. ಡೆಂಗ್ಯೂ ಜ್ವರದಲ್ಲಿ, ಕೋವಿಡ್‌ನಲ್ಲಿ ಅದು ಸಾವಿರಗಳಿಗೆ ಹಾರುವುದುಂಟು. ಮದ್ಯಪಾನ, ಲಿವರ್‌ನಲ್ಲಿ ಕೊಬ್ಬು, ಬೊಜ್ಜು ಇದ್ದವರಲ್ಲೂ ಹೆಚ್ಚು. ವಾರ್ಡಿನಲ್ಲಿ ಮಲಗಿದ ರೋಗಿಯ ಹೆಚ್ಚಿನ ಫೆರಿಟಿನ್‌ಗೆ ಬಹುಪಾಲು ಇವೇ ಕಾರಣ. ಟ್ರಾನ್ಸ್‌ಫೆರಿನ್ ಭರ್ತಿ ಸಾಮಾನ್ಯವಾಗಿದ್ದು ಫೆರಿಟಿನ್ ಮಾತ್ರ ಏರಿದ್ದರೆ ಮೊದಲು ಈ ಕಾರಣಗಳನ್ನು ಹುಡುಕಬೇಕು. ಜ್ವರ ಇಳಿದು ಕೆಲವು ವಾರ ಕಳೆದ ಮೇಲೆ ಎರಡೂ ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕು. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ, ಈಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು.

ಎರಡೂ ಅಂಕಿಗಳು ಮತ್ತೆ ಮತ್ತೆ ಹೆಚ್ಚೇ ಬಂದರೆ ಎಂಆರ್‌ಐ ಮಾಡಿ ಲಿವರ್ ಮತ್ತು ಹೃದಯದಲ್ಲಿರುವ ಕಬ್ಬಿಣವನ್ನು ಅಳೆಯಬಹುದು. ಹಿಂದೆ ಇದಕ್ಕೆ ಸೂಜಿ ಚುಚ್ಚಿ ಲಿವರ್‌ನ ಚೂರು ತೆಗೆಯಬೇಕಿತ್ತು. ಈಗ ಅದು ಎಲ್ಲರಿಗೂ ಬೇಕಿಲ್ಲ. ರಕ್ತಹೀನತೆಯೂ ಇದ್ದು ಕೆಂಪು ಕಣಗಳು ಚಿಕ್ಕವಾಗಿದ್ದರೆ ಹಿಮೋಗ್ಲೋಬಿನ್‌ನ ವಿಧಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಬೇಕು. ಥಲಸ್ಸೇಮಿಯಾ ಸಿಕ್ಕಿಬೀಳುವುದು ಅಲ್ಲಿ.

ರಕ್ತ ತೆಗೆಯುವುದೇ ಔಷಧ

ಚಿಕಿತ್ಸೆ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಹೀಮೋಕ್ರೊಮಟೋಸಿಸ್‌ಗೆ ರಕ್ತ ತೆಗೆಯುವುದೇ ಔಷಧ. ರಕ್ತದಾನದಲ್ಲಿ ತೆಗೆಯುವಂತೆ ವಾರಕ್ಕೊಮ್ಮೆ ಸುಮಾರು 450 ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಹೊಸ ರಕ್ತ ತಯಾರಿಸಲು ದೇಹ ತನ್ನ ದಾಸ್ತಾನಿನಿಂದ ಕಬ್ಬಿಣ ತೆಗೆಯಲೇಬೇಕು. ಒಮ್ಮೆಗೆ 200ರಿಂದ 250 ಮಿಲಿಗ್ರಾಂ ಖಾಲಿ. ಹೆಚ್ಚುವರಿ 10 ಗ್ರಾಂ ಇದ್ದವರಿಗೆ 40-50 ಸಲ, ಅಂದರೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಪ್ರತಿ ಸಲವೂ ಹಿಮೋಗ್ಲೋಬಿನ್ ನೋಡಿಕೊಳ್ಳಬೇಕು. ಮೈತೂಕ ಕಡಿಮೆಯಿದ್ದವರಲ್ಲಿ ಕಡಿಮೆ ತೆಗೆಯಬೇಕು. ಫೆರಿಟಿನ್ 50ರ ಆಸುಪಾಸಿಗೆ ಇಳಿದ ಮೇಲೆ ವರ್ಷಕ್ಕೆ ಮೂರು ನಾಲ್ಕು ಸಲ ತೆಗೆದರೆ ಸಾಮಾನ್ಯವಾಗಿ ಸಾಕು. ಆದರೆ ಇದು ಜೀವನಪರ್ಯಂತ ನಡೆಯಬೇಕು.

ಸಿರೋಸಿಸ್, ಸಕ್ಕರೆ ಕಾಯಿಲೆ ಬರುವ ಮುನ್ನ ಈ ಚಿಕಿತ್ಸೆ ಆರಂಭಿಸಿದರೆ ರೋಗಿ ಎಲ್ಲರಂತೆ ಪೂರ್ಣ ಆಯುಷ್ಯ ಬಾಳಬಲ್ಲ. ತಡವಾದರೂ ಸುಸ್ತು, ಚರ್ಮದ ಬಣ್ಣ, ಹೃದಯದ ದೌರ್ಬಲ್ಯ ಎಷ್ಟೋ ಸುಧಾರಿಸುತ್ತವೆ. ಆದರೆ ಗಟ್ಟಿಯಾದ ಲಿವರ್ ಸಾಮಾನ್ಯವಾಗಿ ಮೊದಲಿನಂತಾಗದು. ಕೀಲುನೋವು ಹೋಗುವ ಭರವಸೆಯಿಲ್ಲ. ಸಿರೋಸಿಸ್ ಆಗಿಬಿಟ್ಟಿದ್ದರೆ ಲಿವರ್ ಕ್ಯಾನ್ಸರಿನ ಭಯವಿರುವುದರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸುವಂತಿಲ್ಲ. ಬೇಗ ಹಿಡಿಯಬೇಕೆಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿಯೇ. ಇನ್ನೊಂದು ಮಾತು: ರಕ್ತ ತೆಗೆಸಿಕೊಳ್ಳುತ್ತಿರುವವರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಪರೀಕ್ಷೆ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಅದನ್ನು ನಂಬಿ ಸಕ್ಕರೆ ಮಾತ್ರೆ ಇಳಿಸಬಾರದು.

ಥಲಸ್ಸೇಮಿಯಾ ರೋಗಿಯಲ್ಲಿ ರಕ್ತ ತೆಗೆಯುವ ಹಾಗಿಲ್ಲ. ಅವರಿಗೆ ಕಬ್ಬಿಣವನ್ನು ಹಿಡಿದು ಹೊರಸಾಗಿಸುವ ಔಷಧಗಳಿವೆ. ಹಿಂದೆ ಡೆಸ್‌ಫೆರಿಯಾಕ್ಸಮಿನ್ ಮಾತ್ರ ಇತ್ತು. ಚಿಕ್ಕ ಪಂಪಿನಿಂದ ಚರ್ಮದಡಿಗೆ ರಾತ್ರಿಯಿಡೀ ಹನಿಸಬೇಕಿತ್ತು. ಈಗ ಡೆಫೆರಾಸಿರಾಕ್ಸ್, ಡೆಫೆರಿಪ್ರೋನ್ ಎಂಬ ಮಾತ್ರೆಗಳಿವೆ. ಸಾಮಾನ್ಯವಾಗಿ 10ರಿಂದ 20 ಸಲ ರಕ್ತ ಹಾಕಿದ ಮೇಲೆ ಅಥವಾ ಫೆರಿಟಿನ್ 1000 ಮುಟ್ಟಿದಾಗ ಇವನ್ನು ಶುರುಮಾಡುತ್ತಾರೆ. ಮೊದಲನೆಯದರಲ್ಲಿ ಮೂತ್ರಪಿಂಡದ ಮೇಲೆ ಕಣ್ಣಿಡಬೇಕು. ಎರಡನೆಯದರಲ್ಲಿ ಬಿಳಿ ರಕ್ತಕಣ ಕುಸಿಯಬಹುದು. ಅದನ್ನು ತೆಗೆದುಕೊಳ್ಳುತ್ತಿರುವ ಮಗುವಿಗೆ ಜ್ವರ ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. "ರಕ್ತ ಹಾಕಿಸಿದ್ದೇವಲ್ಲ, ಮಗು ಆಟವಾಡುತ್ತಿದೆಯಲ್ಲ" ಎಂದು ಈ ಔಷಧ ಬಿಟ್ಟುಬಿಡುವ ಪೋಷಕರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಬ್ಬಿಣ ಸದ್ದು ಮಾಡದೆ ಸೇರುತ್ತದೆ.

ಊಟದ ವಿಷಯ

ಸೊಪ್ಪು, ರಾಗಿ, ಬೆಲ್ಲ ಬಿಡಬೇಕೇ ಎಂದು ಕೇಳುತ್ತೀರಿ. ಪಥ್ಯ ಚಿಕಿತ್ಸೆಗೆ ಬದಲಿಯಾಗಲಾರದು. ಸಸ್ಯಾಹಾರದ ಕಬ್ಬಿಣ ದೇಹಕ್ಕೆ ಸೇರುವುದೇ ಕಡಿಮೆ. ರಾಗಿ ಮುದ್ದೆ, ಸೊಪ್ಪಿನ ಸಾರು ಧಾರಾಳವಾಗಿ ಉಣ್ಣಿ. ಹೀಮೋಕ್ರೊಮಟೋಸಿಸ್ ಇರುವವರು ಬಿಡಬೇಕಾದದ್ದು ಮದ್ಯ, ಕಬ್ಬಿಣದ ಮಾತ್ರೆ, ವಿಟಮಿನ್ ಸಿ ಮಾತ್ರೆ. ಕುರಿ, ಮೇಕೆಯ ಮಾಂಸ, ಈಲಿ ಮಿತವಾಗಿರಲಿ. ಲೋಹಭಸ್ಮ, ಮಂಡೂರ ಭಸ್ಮಗಳಲ್ಲಿಯೂ ಕಬ್ಬಿಣವಿದೆಯೆಂಬುದು ನೆನಪಿರಲಿ. ಕರಾವಳಿಯವರು ಮರುವಾಯಿ ಮುಂತಾದ ಚಿಪ್ಪುಜೀವಿಗಳನ್ನು ಚೆನ್ನಾಗಿ ಬೇಯಿಸದೆ ತಿನ್ನಬಾರದು. ಅವುಗಳಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಕಬ್ಬಿಣ ಹೆಚ್ಚಿರುವ ದೇಹದಲ್ಲಿ ಪ್ರಾಣಕ್ಕೇ ಸಂಚಕಾರ ತರುತ್ತದೆ.

ಆಗಬೇಕಾದದ್ದೇನು?

ನನ್ನ ಬೇಡಿಕೆ ದೊಡ್ಡದಲ್ಲ. ಕಾರಣ ತಿಳಿಯದ ಲಿವರ್ ರೋಗವಿರುವ ಯಾರೇ ಆಸ್ಪತ್ರೆಗೆ ಸೇರಲಿ, ಮನೆಗೆ ಕಳಿಸುವ ಮುನ್ನ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಭರ್ತಿಯ ಅಂಕಿ ಡಿಸ್ಚಾರ್ಜ್ ಕಾರ್ಡಿನಲ್ಲಿ ನಮೂದಾಗಲಿ. ಜ್ವರವಿದ್ದಾಗ ಮಾಡಿದ ಪರೀಕ್ಷೆಯಾದರೆ ಮತ್ತೆ ಯಾವಾಗ ಮಾಡಿಸಬೇಕೆಂದು ಬರೆಯಲಿ. ಮೂರು ತಿಂಗಳು ಕಬ್ಬಿಣ ಕೊಟ್ಟರೂ ಹಿಮೋಗ್ಲೋಬಿನ್ ಏರದಿದ್ದರೆ ಟಾನಿಕ್ಕಿನ ಕಂಪನಿ ಬದಲಿಸುವುದನ್ನು ಬಿಟ್ಟು ಕಾರಣ ಹುಡುಕೋಣ. ಮಾತ್ರೆಯನ್ನು ಸರಿಯಾಗಿ ನುಂಗಿಲ್ಲವೇ, ಎಲ್ಲಾದರೂ ರಕ್ತ ಸೋರುತ್ತಿದೆಯೇ, ಥಲಸ್ಸೇಮಿಯಾ ಇದೆಯೇ ಎಂದು ನೋಡೋಣ.

ಎಲ್ಲಕ್ಕಿಂತ ಮುಖ್ಯ, ಮನೆಯವರ ಪರೀಕ್ಷೆ. ಒಬ್ಬರಿಗೆ ಹೀಮೋಕ್ರೊಮಟೋಸಿಸ್ ಎಂದು ಖಚಿತವಾದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಅದರ ದೋಷ ಜೋಡಿಯಾಗಿ ಬಂದಿರುವ ಸಂಭವ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಅಣ್ಣನ ಲಿವರ್ ಕೆಟ್ಟ ಮೇಲೆ ತಿಳಿದ ರೋಗ, ತಮ್ಮನಲ್ಲಿ ಏನೂ ತೊಂದರೆಯಿಲ್ಲದಿರುವಾಗಲೇ ತಿಳಿಯಬಹುದು. ಥಲಸ್ಸೇಮಿಯಾದಲ್ಲೂ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಅದೇ ನಾಲ್ಕರಲ್ಲೊಂದು ಲೆಕ್ಕ. ಜಾತಕ ನೋಡುವವರು ನೋಡಲಿ, ಜೊತೆಗೆ ಈ ಒಂದು ರಕ್ತಪರೀಕ್ಷೆಯನ್ನೂ ಮದುವೆಗೆ ಮೊದಲು, ತಪ್ಪಿದರೆ ಬಸಿರಿನ ಮೊದಲ ತಿಂಗಳುಗಳಲ್ಲೇ ಮಾಡಿಸಿಕೊಳ್ಳಲಿ.

ಇದನ್ನು ಓದಿ ಗರ್ಭಿಣಿಯರು, ಕಿಶೋರಿಯರು ಆಶಾ ಕಾರ್ಯಕರ್ತೆಯರು ಕೊಟ್ಟ ಮಾತ್ರೆಯನ್ನು ಎಸೆಯಬೇಡಿ. ನಿಮ್ಮಲ್ಲಿ ಬಹುಪಾಲು ಮಂದಿಗೆ ಅದು ಬೇಕೇ ಬೇಕು. ನನ್ನ ಮಾತು ಕೇವಲ ಸುಸ್ತಿನ ನೆಪದಲ್ಲಿ, ಪರೀಕ್ಷೆಯಿಲ್ಲದೆ ತಾವಾಗಿಯೇ ಟಾನಿಕ್ ಕುಡಿಯುತ್ತಿರುವ ಗಂಡಸರಿಗೆ ಮತ್ತು ಮುಟ್ಟು ನಿಂತ ಮಹಿಳೆಯರಿಗೆ. ಅವರಿಗೆ ನಿಜವಾಗಿ ಕಬ್ಬಿಣ ಕಡಿಮೆಯಿದ್ದರೂ ಕಾರಣ ಹುಡುಕಬೇಕು; ಆ ವಯಸ್ಸಿನಲ್ಲಿ ಅದು ಹೊಟ್ಟೆ, ಕರುಳಿನ ರಕ್ತಸ್ರಾವದ ಸೂಚನೆಯಾಗಿರಬಹುದು. ಹೆಚ್ಚಿದ್ದರಂತೂ ಟಾನಿಕ್ ಬೇಡವೇ ಬೇಡ. ಮುಂದಿನ ಬಾಟಲಿ ಕೊಳ್ಳುವ ಮೊದಲು ಒಮ್ಮೆ ನಿಮ್ಮ ವೈದ್ಯರನ್ನು ಕೇಳಿ: "ಡಾಕ್ಟ್ರೇ, ನನಗೆ ಕಬ್ಬಿಣ ಕಡಿಮೆಯಿದೆಯೋ, ಹೆಚ್ಚಿದೆಯೋ?"